ಏಳದ ಹ್ಯಾಟಿ

"ಇದು ಯಾಕ ಏಳವಲ್ದು?"

ಕೇಳಿದವನು ಡಾಕ್ಟರ್ ಮಧ್ವೇಶ. ಯಾರನ್ನು ಎಂದರೆ ಯಾರನ್ನೂ ಅಲ್ಲ. ರಟ್ಟೀಹಳ್ಳಿಯ ಕೆಳಗಿನ ಓಣಿಯಲ್ಲಿ, ಫಕ್ಕೀರಪ್ಪನ ಹಿತ್ತಲಲ್ಲಿ ಕುಕ್ಕರಗಾಲಲ್ಲಿ ಕೂತು, ಅವನು ಐದು ಕೋಳಿಗಳನ್ನು ಒಂದೊಂದಾಗಿ ಅಂಗಾತ ಮಲಗಿಸಿದ್ದ. ನಾಲ್ಕು ಚಂಗನೆ ಎದ್ದು, ಮರ್ಯಾದೆ ಹೋದವರಂತೆ ಬೈಯುತ್ತ ಓಡಿದವು. ಐದನೆಯದು ಒಂದು ಕೆಂಪು ಹ್ಯಾಟಿ, ತತ್ತಿ ಇಡುವ ಹೆಣ್ಣು ಕೋಳಿ. ಹೋಳಿಗೆ ಊಟ ಮುಗಿಸಿದ ಆಚಾರ್ಯರಂತೆ ಮುಗಿಲು ನೋಡುತ್ತ ಬಿದ್ದುಕೊಂಡಿತ್ತು.

ಮಧ್ವೇಶ ಅದನ್ನು ಎತ್ತಿ ಮತ್ತೊಮ್ಮೆ ಅಂಗಾತ ಹಾಕಿದ. ಏಳಲಿಲ್ಲ. ಪುಣೆಯಲ್ಲಿ ಪಿಎಚ್‌ಡಿ ಮುಗಿಸಿ, ಅದರ ಮೇಲಿನ ಸಂಶೋಧನೆಗೆ ಕೂತು ಎರಡು ವರ್ಷವಾಗಿತ್ತು. ಮಕ್ಕಳ ಸ್ನಾಯು ಸವೆಯುವ ರೋಗದಲ್ಲಿ ಕೈಕಾಲು ಸೋಲುವುದಷ್ಟೇ ಅಲ್ಲದೆ, ಮಿದುಳಿನ ಜೀವಕೋಶಗಳು ಬೆಳೆಯುವ ರೀತಿಯೂ ತಪ್ಪುತ್ತದೆಯೇ ಎಂಬುದು ಅವನ ಪ್ರಶ್ನೆ. ಕೋಳಿಗಳಿಗೂ ಅಂಥ ರೋಗವುಂಟು. ಅಂಗಾತ ಹಾಕಿದರೆ ಏಳಲಾರವು. ಅಂಥದರ ಕಾವಿನ ತತ್ತಿ ಸಿಕ್ಕರೆ ಒಳಗಿನ ಪಿಳ್ಳೆಯ ಮಿದುಳನ್ನು ಪರೀಕ್ಷಿಸಬಹುದು. ತಿಂಗಳೊಳಗೆ ತತ್ತಿ ಬರದಿದ್ದರೆ ಸಂಶೋಧನೆ ಮುಚ್ಚಿದಂತೆ ಎಂದು ಗುರುಗಳು ಹೇಳಿ ಕಳಿಸಿದ್ದರು. ಉಳಿದದ್ದು ಮೂರು ದಿನ. ಆಸ್ಪತ್ರೆಯಲ್ಲಿ ಒಂದು ಕೂಸು ತನ್ನ ಮೊಣಕಾಲನ್ನೇ ಏಣಿ ಮಾಡಿಕೊಂಡು, ಕೈಯಿಂದ ಹತ್ತಿ ಹತ್ತಿ ಎದ್ದು ನಿಂತದ್ದನ್ನು ಅವನು ಒಮ್ಮೆ ನೋಡಿದ್ದ. ಅಂದಿನಿಂದ ಹಟ ಹಿಡಿದಿದ್ದ.

"ಹುಟ್ಟಾ ಹಂಗಽ ಐತ್ರಿ ಅದು," ಎಂದ ಫಕ್ಕೀರಪ್ಪ. "ಕಾವಿಗೆ ಕುಂತು ಎಂಟು ದಿನಾತು. ಬುಡಕ ಹದಿನಾಕು ತತ್ತಿ ಅದಾವು. ಕೋಳಿ ಕಾರಭಾರೆಲ್ಲಾ ನನ್ನ ಹೇಂತಿದು, ನನಗೇನೂ ತಿಳಿಯಂಗಿಲ್ಲ. ದುರಗವ್ವ ಹಿರೇಕೆರೂರ ಸಂತಿಗೆ ಹೋಗ್ಯಾಳ. ಸಣ್ಣ ಹುಡುಗರ ಜಡ್ಡಿಗೆ ಅಂತೀರಿ, ಆಕಿ ಬರೋದ್ರಾಗ ಒಯ್ದುಬಿಡ್ರಿ. ಹ್ಯಾಟಿಗೆ ಮಾತ್ರ ಕೈ ಹಚ್ಚಬ್ಯಾಡ್ರಿ, ಆಕಿ ನನ್ನ ಅಂಗಾತ ಹಾಕ್ತಾಳ."

ಕತ್ತಲ ಮೂಲೆಯ ಬುಟ್ಟಿಯಿಂದ ಫಕ್ಕೀರಪ್ಪನೇ ತಡಕಾಡಿ ತತ್ತಿ ತೆಗೆದು, ಅರಳೆಯಲ್ಲಿ ಸುತ್ತಿ, ದೋತರದ ಮಡಿಕೆಯೊಳಗಿಟ್ಟ. ಪುಣೆ ಮುಟ್ಟುವವರೆಗೂ ಅವು ಆರಬಾರದು. ದಾರಿಯಲ್ಲಿ ಶಾಖ ಕೊಡುವ ಪೆಟ್ಟಿಗೆ ಎಲ್ಲಿಂದ ತರುವುದು? ಮಧ್ವೇಶ ದೋತರವನ್ನು ಅಂಗಿಯೊಳಗೆ ಹೊಟ್ಟೆಗೇ ಬಿಗಿದುಕೊಂಡ.

ಮನೆಯಲ್ಲಿ ಚೀಲ ಎತ್ತಿಕೊಂಡು ಹಾಗೇ ಜಾರಬೇಕೆಂದಿದ್ದ. ತಾಯಿ ಯಮುನಾಬಾಯಿ ದೇವರ ಕೋಣೆಯ ಬಾಗಿಲಲ್ಲೇ ನಿಂತಿದ್ದರು.

"ದೇವರಿಗೆ ಸಾಷ್ಟಾಂಗ ಹಾಕಿ ಹೊರಡು."

ಹದಿನಾಲ್ಕು ತತ್ತಿ ಕಟ್ಟಿಕೊಂಡು ಆಚಾರ್ಯರ ಮಗ ದೇವರ ಮುಂದೆ ನಿಂತ. 'ಸ್ವಾಮೀ, ತತ್ತಿ ಅಂತ ನೋಡಬ್ಯಾಡ, ಕೂಸುಗಳ ಔಷಧ ಅಂತ ನೋಡು' ಎಂದು ಒಳಗೊಳಗೇ ಬೇಡಿಕೊಂಡು ಕೈಮುಗಿದ. ಅಲ್ಲೇ ಹೂಬತ್ತಿ ಹೊಸೆಯುತ್ತ ಕೂತಿದ್ದ ಪಕ್ಕದ ಮನೆಯ ಗೋಪಿಕಾಬಾಯಿ ಅಷ್ಟಕ್ಕೆ ಬಿಡಲಿಲ್ಲ.

"ಮುಂಜಾನೆ ಇಷ್ಟು ಹೊಟ್ಟಿ ಇದ್ದಿಲ್ಲಲ್ಲೋ ಮಧ್ವೇಶ?"

"ವಾಯು ಆಗ್ಯದ, ಕಾಕು."

"ವಾಯು ಆದ್ರ ಬೋರಲ ಮಲಗಬೇಕು. ಸಾಷ್ಟಾಂಗ ಹಾಕು, ಎರಡೂ ಕೆಲಸ ಆಗ್ತಾವ."

"ಬಗ್ಗಲಿಕ್ಕೆ ಬರೂದಿಲ್ಲ. ನಡಾ ಉಳುಕ್ಯದ."

ಹೊರಗೆ ಕಟ್ಟೆಯ ಮೇಲೆ ಅಡಿಕೆ ಕತ್ತರಿಸುತ್ತಿದ್ದ ಅದೇ ಓಣಿಯ ರಾಘಣ್ಣನಿಗೆ ಇದು ಕೇಳಿಸಿತು. ಉಳುಕು ತಿಕ್ಕುವುದೆಂದರೆ ಅವನಿಗೆ ಏಕಾದಶಿಯ ಮರುದಿನದ ಊಟವಿದ್ದಂತೆ.

"ಯಮುನಕ್ಕಾ, ಎಣ್ಣಿ ಕಾಸ್ರಿ. ಅಂಗಿ ಬಿಚ್ಚೋ."

ಎಣ್ಣೆ ಕಾಯುವುದರೊಳಗೆ ಮಧ್ವೇಶ ಓಣಿ ದಾಟಿದ್ದ. ನಡ ಉಳುಕಿದವನು ಇಷ್ಟು ಜೋರಾಗಿ ನಡೆದದ್ದನ್ನು ರಾಘಣ್ಣ ಅಲ್ಲಿಯವರೆಗೆ ಕಂಡಿರಲಿಲ್ಲ.

ಬಸ್ಸಿನಲ್ಲಿ ಕಂಡಕ್ಟರ್ ಬಂದೇಸಾಬ ಅವನ ಹೊಟ್ಟೆ ನೋಡಿ, ಅದನ್ನು ಎರಡೂ ಕೈಯಿಂದ ಹಿಡಿದ ರೀತಿ ನೋಡಿ, ಹೆಣ್ಣುಮಕ್ಕಳ ಸೀಟು ತೋರಿಸಿದ. "ಸಾವಕಾಶ ಕುಂದರ್ರಿ. ತುಂಬಿದ ದಿನಾ ಏನ್ರಿ?"

ಬಸ್ಸೆಲ್ಲ ನಕ್ಕಿತು. ಮಧ್ವೇಶ ಜಗ್ಗಲಿಲ್ಲ. ಬೆಚ್ಚಗಿದ್ದರೆ ಸಾಕು, ನಗಲಿ.

ಬಸ್ಸು ಇನ್ನೇನು ಹೊರಡಬೇಕು, ಮುಂದೆ ಮೂವರು ಹೆಂಗಸರು ಅಡ್ಡ ನಿಂತರು. ನಡುವೆ ದುರಗವ್ವ. ಸಂತೆಯ ಬುಟ್ಟಿ ಇನ್ನೂ ತಲೆಯ ಮೇಲೇ ಇತ್ತು. ಒಂದು ಪಕ್ಕ ಅವಳ ಎದುರುಮನೆಯ ಅಖ್ತರುನ್ನೀಸಾ, ಇನ್ನೊಂದು ಪಕ್ಕ ಹಿಂದಿನ ಮನೆಯ ಮುದುಕಿ.

"ಬಿಚ್ರಿ ಡಾಕ್ಟರ್ರ," ಎಂದಳು ದುರಗವ್ವ, ಬಸ್ಸು ಹತ್ತಿ.

"ಫಕ್ಕೀರಪ್ಪ ಒಪ್ಪಿ ಕೊಟ್ಟಾನವ್ವಾ."

"ಅವು ಅವನವೇನ್ರಿ ಕೊಡಾಕ? ಬಿಚ್ರಿ."

ಬಸ್ಸಿನವರೆಲ್ಲ ಕತ್ತು ಚಾಚಿದರು. ದೋತರ ಬಿಚ್ಚಿತು. ಹಗಲ ಬೆಳಕಿನಲ್ಲಿ ನೋಡಿದರೆ ಒಂದೊಂದು ತತ್ತಿಯ ಮೇಲೂ ಇದ್ದಿಲ ಗುರುತು.

"ಎರಡು ಗೀಟಿನವು ನಮ್ಮವು," ಎಂದು ಅಖ್ತರುನ್ನೀಸಾ ಐದನ್ನು ಸೆರಗಿಗೆ ಹಾಕಿಕೊಂಡಳು. ಮುದುಕಿ ಸೊನ್ನೆಯವನ್ನು ಆರಿಸಿಕೊಂಡಳು. ಉಳಿದವು ಆಚೆ ಈಚೆ ಮನೆಯವರವು.

ಮಧ್ವೇಶ ಮುಂದೆ ಬಗ್ಗಿ ಕೇಳಿದ. "ಆ ಕೆಂಪು ಹ್ಯಾಟೀವು ಯಾವುವ್ವಾ?"

"ಅದರವು ಒಂದೂ ಇಲ್ರಿ. ನಾಕಽ ಇಟ್ಟಿತ್ತು, ನಮ್ಮಾತ ಹುರಕೊಂಡು ತಿಂದ. ಬ್ಯಾರೆ ಹ್ಯಾಟಿ ಕಾವಿಗೆ ಕುಂದ್ರಿಸಿದ್ರ ಹಗಲೆಲ್ಲಾ ಎದ್ದೆದ್ದು ತಿರಗತಾವು, ತತ್ತಿ ಆರತಾವು. ಇದು ಕುಂತ್ರ ಕುಂತಿದ್ದಽ. ಅದಕ್ಕಽ ಓಣೀ ತತ್ತಿ ಎಲ್ಲಾ ಇದರ ಬುಡಕಽ ಇಡ್ತೇವಿ."

ಮಧ್ವೇಶ ಸೀಟಿನಿಂದ ಎದ್ದ. ಹಟ ಇನ್ನೂ ಆರಿರಲಿಲ್ಲ. ಬಸ್ಸಿನ ನಡುವೆ ನಿಂತು ಕೈಜೋಡಿಸಿ, ಏಳಲಾರದ ಕೂಸುಗಳ ಕತೆಯನ್ನೆಲ್ಲ ಹೇಳಿದ. ಮೊಣಕಾಲು ಹತ್ತುವ ಕೂಸಿನ ಮಾತು ಬಂದಾಗ ಮುದುಕಿ ಕಣ್ಣೊರೆಸಿಕೊಂಡಳು. ಬಂದೇಸಾಬ ಸೀಟಿ ಊದುವುದನ್ನು ಮರೆತ.

"ಹ್ಯಾಟೀನ ಕೊಡ್ರಿ," ಎಂದ ಮಧ್ವೇಶ. "ಅದನ್ನಽ ತೋರಿಸಿ ಗುರುಗಳ ಕಡೆ ಇನ್ನಷ್ಟು ದಿನಾ ಕೇಳ್ತೇನಿ. ಪುಣೆದಾಗ ಸಾಕ್ತೇನಿ. ಮತ್ತ ತತ್ತಿ ಇಡೋತನಕ ಕಾಯ್ತೇನಿ."

ದುರಗವ್ವ ತತ್ತಿಗಳನ್ನು ಒಂದೊಂದಾಗಿ ಎದೆಗೆ ಒತ್ತಿ ಬೆಚ್ಚಗಿವೆಯೇ ನೋಡಿದಳು. ಆಮೇಲೆ ಅವನ ಮುಖ ನೋಡಿದಳು.

"ಹುಡುಗರ ಸಲುವಾಗಿ ಅಂದ್ರ ನಮ್ಮನಿ ಹೋರಿ ಹೊಡಕೊಂಡು ಹೋಗ್ರಿ," ಎಂದಳು. "ಹ್ಯಾಟಿ ಕೊಡಂಗಿಲ್ಲ."