ಯಾರು ಯಾರನ್ನು ತಳ್ಳಿದರು

"ಸಂಜೆ ಕ್ಲಾಸಿಗೆ ನಾನೇ ಬಂದು ಹಿಂದಿನ ಬೆಂಚಲ್ಲಿ ಕೂತ್ಕೋತೀನಿ ಮೇಷ್ಟ್ರೇ. ಪಾಠ ಹಿಡಿಸಿದ್ರೆ ಇಂಗ್ಲಿಷ್ ಕೆಲಸ ಖಾಯಂ ಮಾಡಿಬಿಡೋಣ" ಎಂದು ಟ್ಯುಟೋರಿಯಲ್ಲಿನ ಯಜಮಾನರು ಬೆಳಿಗ್ಗೆ ಮೆಟ್ಟಿಲ ಮೇಲೆ ಹೇಳಿ ಹೋದರು.

ಇಂಗ್ಲಿಷ್ ಮೇಷ್ಟ್ರ ಕೈಯಲ್ಲಿದ್ದ ಸೀಮೆಸುಣ್ಣ ಎರಡು ತುಂಡಾಯಿತು. ತಾತ್ಕಾಲಿಕ ಎಂಬ ಪದವನ್ನು ಹೊತ್ತೇ ಅವರ ತಲೆ ನೆರೆತಿತ್ತು. ಖಾಯಂ ಆದರೆ ಒಂದು ಮನೆ ಹಿಡಿಯಬಹುದು. ತವರಿನಲ್ಲೇ ಉಳಿದಿರುವ ಹೆಂಡತಿಯನ್ನೂ ಮಗಳನ್ನೂ ಕರೆಸಿಕೊಳ್ಳಬಹುದು.

ಸುದ್ದಿ ಅವರಿಗಿಂತ ಮೊದಲೇ ಸ್ಟಾಫ್ ರೂಮು ಸೇರಿತ್ತು.

"ಪಾಠ ಯಾವುದ್ರೀ?" ಎಂದರು ಗಣಿತದ ಮೇಷ್ಟ್ರು.

"ಪ್ರಶ್ನೆ ಕೇಳೋದು. ನಿನ್ನನ್ನ ತಳ್ಳಿದ್ದು ಯಾರು ಅನ್ನೋಕೆ 'ಹೂ ಪುಶ್ಡ್ ಯೂ'. ನೀನು ತಳ್ಳಿದ್ದು ಯಾರನ್ನ ಅನ್ನೋಕೆ 'ಹೂ ಡಿಡ್ ಯೂ ಪುಶ್'. ನಮ್ಮಲ್ಲಿ 'ಯಾರನ್ನ' ಅಂದ್ರೆ ಮುಗೀತು. ಅಲ್ಲಿ 'ಡಿಡ್' ಮಧ್ಯಸ್ಥಿಕೆಗೆ ಬರ್ಬೇಕು."

"ಪಾಠ ಹಾಳಾಗ್ಲಿ ಬಿಡ್ರೀ! ಯಜಮಾನರ ಬಾಮೈದ ನಿಮ್ಮ ಕ್ಲಾಸಲ್ಲೇ ಇದ್ದಾನಲ್ಲ? ಅವನು ಸರಿಯಾಗಿ ಬಾಯಿ ಬಿಟ್ರೆ ನಿಮ್ಮ ಕೆಲಸ ಆದ ಹಾಗೆ."

ಬಾಮೈದನೆಂದರೆ ಹಿಡಿದ ಯಾವ ಕೆಲಸವೂ ನೆಟ್ಟಗಾಗದೆ ಅಕ್ಕನ ಮನೆ ಸೇರಿದ್ದ, ಮೂವತ್ತು ದಾಟಿದ ಗಂಡಸು. ಇಂಗ್ಲಿಷ್ ಅವನ ತಲೆಗೆ ಎಮ್ಮೆಯ ಬೆನ್ನಿಗೆ ಮಳೆ ಹತ್ತಿದಷ್ಟೇ ಹತ್ತಿತ್ತು.

"ಅರ್ಥವಾದವರು ಬೋರ್ಡಿಗೆ ಬಂದು ಉಳಿದವರಿಗೆ ಹೇಳ್ಕೊಡ್ಬೇಕು ಅನ್ನೋದು ನಿಮ್ಮದೇ ಪದ್ಧತಿ ತಾನೆ?" ಎಂದಳು ಫೀಸಿನ ಲೆಕ್ಕ ಬರೆಯುವ ಆಫೀಸಿನ ಅಕ್ಕ. "ಇವತ್ತು ಅವನನ್ನೇ ಕರೀರಿ. ಸಂಜೆ ತನಕ ತಯಾರು ಮಾಡಿದ್ರಾಯ್ತು."

ಬಾಮೈದನನ್ನು ಕರೆಸಿ, ತಯಾರಿ ಸ್ಟಾಫ್ ರೂಮಿನಲ್ಲೇ ಶುರುಮಾಡಿದರು. ಗಣಿತದ ಮೇಷ್ಟ್ರು ಬಾಮೈದನ ಭುಜವನ್ನು ಮೆಲ್ಲಗೆ ತಳ್ಳಿದರು.

"ಹೂ ಪುಶ್ಡ್ ಯೂ?" ಎಂದರು ಇಂಗ್ಲಿಷ್ ಮೇಷ್ಟ್ರು.

"ಐ ಪುಶ್ಡ್ ಸಾರ್."

"ಅಯ್ಯೋ, ನಿನ್ನನ್ನ ತಳ್ಳಿದ್ದು ಅವರು ಕಣಪ್ಪಾ! ಈಗ ನೀನು ಅವರನ್ನ ತಳ್ಳು."

ಅವನು ಇದನ್ನು ಮಾತ್ರ ಮನಸ್ಸಿಟ್ಟು ಮಾಡಿದ. ಗಣಿತದ ಮೇಷ್ಟ್ರು ಬೀರುವಿಗೆ ಬಡಿದರು, ಬೀರುವಿನ ಮೇಲಿದ್ದ ಗ್ಲೋಬು ಇಂಗ್ಲಿಷ್ ಮೇಷ್ಟ್ರ ತಲೆಗೆ ಬಿತ್ತು, ಅವರು ಹಿಡಿಯಹೋದ ಕುರ್ಚಿ ಅವರ ಅಂಗಿಯನ್ನು ಹರಿದುಹಾಕಿತು.

"ಹೂ ಡಿಡ್ ಯೂ ಪುಶ್?" ಎಂದರು ಮೇಷ್ಟ್ರು, ತಲೆ ಹಿಡಿದುಕೊಂಡು.

"ಎಲ್ಲರನ್ನೂ ಸಾರ್."

ಆಫೀಸಿನ ಅಕ್ಕ ಹರಿದ ಅಂಗಿಗೆ ಪಿನ್ನು ಹಾಕಿದಳು. ಮಧ್ಯಾಹ್ನ ಅವರು ಊಟ ಮರೆತದ್ದನ್ನು ಕಂಡು ತನ್ನ ಡಬ್ಬಿಯ ಅರ್ಧವನ್ನು ಸದ್ದಿಲ್ಲದೆ ಮುಂದೆ ಸರಿಸಿದಳು. ತಿನ್ನುತ್ತಲೂ ಮೇಷ್ಟ್ರು ಬಾಮೈದನಿಗೆ ಅವೇ ಎರಡು ಪ್ರಶ್ನೆ ಕೇಳುತ್ತಲೇ ಇದ್ದರು. ಕಾರಿಡಾರಿನಲ್ಲಿ, ಮೆಟ್ಟಿಲ ಮೇಲೆ, ಶೌಚಾಲಯದ ಬಾಗಿಲ ಹೊರಗೆ ನಿಂತೂ ಕೇಳಿದರು. ಹೊತ್ತಿಳಿಯುವಾಗ ಬಾಮೈದನ ಮುಖ ಕರೆಂಟು ಬಂದ ಕೋಣೆಯಂತೆ ಬೆಳಗಿತು. ಅಷ್ಟರಲ್ಲಿ ಮೇಷ್ಟ್ರ ಗಂಟಲು ಕೈಕೊಟ್ಟಿತ್ತು.

ಸಂಜೆ ಯಜಮಾನರು ಹಿಂದೆ ಕೂತರು. ಮೇಷ್ಟ್ರು ಕರಕರ ದನಿಯಲ್ಲಿ ಎರಡು ಮಾತಾಡಿ, ಬಾಮೈದನನ್ನು ಬೋರ್ಡಿಗೆ ಕರೆದರು. ಅವನು ಒಬ್ಬನನ್ನು ತಳ್ಳಿದ, ಇನ್ನೊಬ್ಬನಿಂದ ತಳ್ಳಿಸಿಕೊಂಡ. ಎರಡು ಪ್ರಶ್ನೆಗಳನ್ನೂ ನಗಿಸುತ್ತಾ ಬಿಡಿಸಿ ಹೇಳಿದ. ಇಡೀ ಕ್ಲಾಸಿಗೆ ಅರ್ಥವಾಯಿತು. ಯಜಮಾನರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮೇಷ್ಟ್ರಿಗೆ ಬಾಡಿಗೆ ಮನೆಯ ಕಿಟಕಿ ಪರದೆಯೂ ಕಣ್ಣಿಗೆ ಕಟ್ಟಿತು.

ಕ್ಲಾಸು ಬಿಟ್ಟ ಮೇಲೆ ಯಜಮಾನರು ಅವರ ಎರಡೂ ಕೈ ಹಿಡಿದರು. "ಖಾಯಂ ಮಾಡ್ತೀನಿ ಅಂದಿದ್ದೆ, ಮಾಡ್ದೆ ಮೇಷ್ಟ್ರೇ. ನಮ್ಮ ಬಾಮೈದನ್ನ! ಅವನು ಒಂದು ಕೆಲಸಕ್ಕೆ ಬರ್ತಾನೆ ಅಂತ ಅವನ ಅಕ್ಕಂಗೇ ನಂಬಿಕೆ ಇರ್ಲಿಲ್ಲ. ಎಲ್ಲಾ ನಿಮ್ಮ ದಯ."

"ನಾನು...?"

"ನೀವು ಹೀಗೇ ತಾತ್ಕಾಲಿಕವಾಗಿ ಇರಿ. ಗಂಟಲೂ ಸರಿ ಇಲ್ಲ ಪಾಪ. ಅವನಿಗೆ ಇದೊಂದೇ ಪಾಠ ತಾನೆ ಬರೋದು? ಉಳಿದದ್ದನ್ನ ದಿನಾ ಬೆಳಿಗ್ಗೆ ಅವನಿಗೆ ಹೇಳ್ಕೊಡಿ. ಸಂಜೆ ಅವನು ಹೇಳ್ಕೊಡ್ತಾನೆ."

ಬಾಮೈದ ಬಿಸಿನೀರಿನ ಲೋಟ ಹಿಡಿದು ಓಡಿಬಂದ. "ಗಂಟಲು ಜೋಪಾನ ಸಾರ್" ಎಂದ, ನಿಜವಾದ ಕಕ್ಕುಲಾತಿಯಿಂದ. "ನಾಳೆ ನಾನೇನು ಪಾಠ ಮಾಡ್ಬೇಕು?"

ಮೇಷ್ಟ್ರು ನೀರು ಕುಡಿದರು. ಅದು ಹದವಾಗಿ ಬಿಸಿಯಿತ್ತು. ಬೈಯಲು ಅದರಲ್ಲೂ ಏನೂ ಸಿಗಲಿಲ್ಲ.