ಎರಡು ವಿಷಯ, ಒಂದೇ ಗುಲಾಬಿ ಫಾರ್ಮು

ನಮ್ಮ ಮನೆಯಲ್ಲಿ ಯಾರಾದರೂ ಒಂದು ನಿರ್ಧಾರಕ್ಕೆ ಕೂತರೆಂದರೆ, ಕೂತವರನ್ನು ಬಿಟ್ಟು ಉಳಿದವರೆಲ್ಲ ನಿರ್ಧಾರ ಮಾಡಿ ಎದ್ದು ಹೋಗುತ್ತಾರೆ. ಈಗಲೂ ಅಷ್ಟೆ. ಆದರೆ ಅರವತ್ತರ ದಶಕದ ಮೊದಲಿಗೆ, ಪಿ.ಯು.ಸಿ. ಮುಗಿಸಿ ನಾನು ಬಿ.ಎ.ಗೆ ಹೊರಟಾಗ ನಡೆದದ್ದು ನೆನಪಾದರೆ ಮೊದಲು ನಗು ಬರುತ್ತದೆ. ಇನ್ನೊಂದು ಸ್ವಲ್ಪ ತಡವಾಗಿ ಬರುತ್ತದೆ.

ನನಗೆ ಕನ್ನಡವೂ ಬೇಕಿತ್ತು, ಗಣಿತವೂ ಬೇಕಿತ್ತು. ಧಾರವಾಡದ ನಮ್ಮ ಕಾಲೇಜಿನಲ್ಲಿ ಮುಖ್ಯ ವಿಷಯ ಒಂದೇ. ಎರಡು ಬೇಕಾದರೆ ಪ್ರಿನ್ಸಿಪಾಲರ ವಿಶೇಷ ಅಪ್ಪಣೆ. ಅದಕ್ಕೊಂದು ಗುಲಾಬಿ ಬಣ್ಣದ ಫಾರ್ಮು, ಅದರ ಮೇಲೆ ತಂದೆಯ ಸಹಿ, ಮುಂದಿನ ಸೋಮವಾರದೊಳಗೆ. "ಇದ್ದದ್ದ ಇದೊಂದು. ಜ್ವಾಕಿ" ಅಂತ ಹೇಳಿ ಕ್ಲಾರ್ಕು ಅದನ್ನು ಕೊಟ್ಟಿದ್ದ.

ಡಬಲ್ ಡ್ಯೂಟಿ

ಅಪ್ಪ ದಾಂಡೇಲಿಯ ಕಾಗದದ ಮಿಲ್ಲಿನಲ್ಲಿ ಹಾಳೆ ಆರಿಸುವವನು. ಒಂದೊಂದೇ ಹಾಳೆಯನ್ನು ಬೆಳಕಿಗೆ ಹಿಡಿದು, ಚುಕ್ಕಿಯಿದ್ದದ್ದನ್ನು ಹರಿದು ರದ್ದಿಗೆ ಹಾಕುವುದು ಅವನ ಕೆಲಸ. ಹರಿಯದೆ ಉಳಿದ ರದ್ದಿ ಒಂದಿಷ್ಟು ಮನೆಗೆ ಬರುತ್ತಿತ್ತು. ಅದರ ಮೇಲೆಯೇ ನಾನು ಬೀಜಗಣಿತ ಕಲಿತದ್ದು.

ಶಿಫ್ಟು ಮುಗಿಸಿ ಬಂದು ರೊಟ್ಟಿ ತಿನ್ನುತ್ತಿದ್ದ ಅಪ್ಪನಿಗೆ ಹೇಳಿದೆ: "ಎರಡೂ ಓದ್ತೇನಪಾ."

"ಅಂದ್ರ ಡಬಲ್ ಡ್ಯೂಟಿ."

"ಹಂಗ ತಿಳಕೋ."

ಅಪ್ಪ ಬಹಳ ಹೊತ್ತು ಅಗಿದ. "ಡಬಲ್ ಡ್ಯೂಟಿ ಮಾಡಿದಾವಗ ನಮ್ಮಲ್ಲೆ ಮರುದಿನ ಸೂಟಿ ಕೊಡ್ತಾರ. ನಿಮ್ಮ ಕಾಲೇಜಿನ್ಯಾಗ?"

"ಕೊಡೂದಿಲ್ಲ."

"ಹಂಗಾರ ಸಹಿ ಆಮ್ಯಾಲೆ. ಮೊದಲ ನಮ್ಮ ಯೂನಿಯನ್ನಿನವ್ರನ್ನ ಕೇಳೂಣು."

ಎರಡು ಹೂವು

ಹಳಿಯಾಳದಲ್ಲಿದ್ದ ಆಯಿಗೆ, ಅಂದರೆ ಅಪ್ಪನ ತಾಯಿಗೆ, ಸುದ್ದಿ ಹೋಯಿತು. "ಯೂನಿಯನ್ನಿನವ್ರಿಗೇನ ಗೊತ್ತಾಗ್ತದ, ದೇವರನ್ನ ಕೇಳಬೇಕು" ಅಂತ ನನ್ನನ್ನು ಕರೆಸಿಕೊಂಡು ಈಶ್ವರನ ಗುಡಿಗೆ ಎಳೆದೊಯ್ದಳು. ಪೂಜಾರಿ ಲಿಂಗಕ್ಕೆ ಎರಡು ಹೂವು ಅಂಟಿಸಿದ. ಬಲಕ್ಕಿದ್ದದ್ದು ಕನ್ನಡ, ಎಡಕ್ಕಿದ್ದದ್ದು ಗಣಿತ. ಯಾವುದು ಮೊದಲು ಬೀಳುತ್ತದೋ ಅದು ನನ್ನದು.

ಎರಡೂ ಬೀಳಲಿಲ್ಲ. ಮಧ್ಯಾಹ್ನವಾಯಿತು.

"ಆಯೀ, ನಾ ಉಣ್ಣಾಕ ಹೋಗಬೇಕ್ರಿ" ಅಂದ ಪೂಜಾರಿ.

"ಬೀಳೂತನಕ ಕೂಡು."

ಇನ್ನೂ ಸ್ವಲ್ಪ ಹೊತ್ತು ಕೂತ ಪೂಜಾರಿ ಎದ್ದವನೇ, ಅಭಿಷೇಕ ಅಂತ ಒಂದು ತಂಬಿಗೆ ನೀರನ್ನು ಲಿಂಗದ ತಲೆಯ ಮೇಲೆ ಸುರಿದ. ಎರಡೂ ಹೂವು ಕೂಡಿಯೇ ಕೆಳಗೆ ಬಂದವು.

"ನೋಡ್ರಿ, ಎರಡೂ ಓದು ಅಂದಾನ ದೇವರು."

ಆಯಿ ಎದ್ದು ಸೆರಗು ಕೊಡವಿಕೊಂಡಳು. "ದೇವರಲ್ಲ, ನಿನ್ನ ಹೊಟ್ಟಿ ಅಂದದ್ದು."

ಮಾವನ ಚಿಂತೆ

ಮುಂಡಗೋಡದ ಕಡೆ ಸನವಳ್ಳಿಯಿಂದ ಸೋದರಮಾವ ಬಂದ. ಅವನಿಗೆ ನನ್ನ ಮದುವೆಯ ಚಿಂತೆ.

"ಎರಡು ಕಲ್ತ ಹುಡುಗಿಗೆ ಎರಡು ಕಲ್ತ ಗಂಡ ಬೇಕಾಗ್ತಾನ. ನಮ್ಮೂರಾಗ, ಬಾಜೂಕಿನ ಮಳಗಿ ಊರಾಗ ಎಲ್ಲಾ ನೋಡೇನಿ. ಒಂದು ಕಲ್ತಾವ ಸಿಗೂದ ಕಷ್ಟ ಐತಿ."

ಅಡುಗೆಮನೆಯಿಂದ ಅವ್ವ ಅಂದಳು: "ಒಂದೊಂದು ಕಲ್ತ ಇಬ್ಬರನ್ನ ಕರಕೊಂಡ ಬಾರಲಾ ಹಂಗಾರ."

ಬೆಳಕಿಗೆ ಹಿಡಿದದ್ದು

ಭಾನುವಾರ ಬೆಳಿಗ್ಗೆ ಅಪ್ಪ ತಾನಾಗಿಯೇ ಕರೆದ. "ತಾ ನಿನ್ನ ಫಾರ್ಮು. ಯೂನಿಯನ್ನಿನವ್ರನ್ನ ಕೇಳೂದೇನೂ ಬ್ಯಾಡ. ಎರಡೂ ಓದು."

ಕೈ ತೊಳೆದು, ಒರೆಸಿಕೊಂಡು, ಚಷ್ಮಾ ಹಾಕಿಕೊಂಡು ಫಾರ್ಮು ತೆಗೆದುಕೊಂಡ. ಸಹಿ ಮಾಡುವ ಮೊದಲು, ರೂಢಿಯಂತೆ, ಬಾಗಿಲ ಬೆಳಕಿಗೆ ಹಿಡಿದ.

"ಇಲ್ಲೊಂದು ಚುಕ್ಕಿ ಐತಿ ನೋಡು" ಅಂದ. ನಾನು ನೋಡುವಷ್ಟರಲ್ಲಿ ಅದು ಎರಡು ತುಂಡಾಗಿತ್ತು.

ದಿನಾ ಅದೇ ಕೆಲಸ ಮಾಡುವ ಕೈ. ಅವನನ್ನು ಕೇಳದೆ ಹರಿದುಬಿಟ್ಟಿತ್ತು. ಎರಡೂ ಕೈಯಲ್ಲಿದ್ದ ಎರಡು ತುಂಡನ್ನು ಅಪ್ಪ ನೋಡುತ್ತ ನಿಂತ.

ಆಮೇಲೆ ಟ್ರಂಕಿನಿಂದ ಮಿಲ್ಲಿನ ಒಂದು ಚೊಲೋ ಹಾಳೆ ತೆಗೆದು, ಮೂರು ಸಲ ಬೆಳಕಿಗೆ ಹಿಡಿದು ನೋಡಿ, ತುಂಡುಗಳನ್ನು ಜೋಡಿಸಿಟ್ಟುಕೊಂಡು ಫಾರ್ಮನ್ನು ಅಕ್ಷರ ಬಿಡದೆ ಬರೆಯಲು ಕೂತ. 'ಕಚೇರಿಯ ಉಪಯೋಗಕ್ಕೆ ಮಾತ್ರ' ಎಂಬ ಚೌಕ, ಅಡಿಯಲ್ಲಿದ್ದ ಛಾಪಖಾನೆಯ ಹೆಸರು, ಏನೂ ಬಿಡಲಿಲ್ಲ; ಕೊನೆಗೆ ಸಹಿ ಮಾಡಿದ. ಅವನ ಇಡೀ ರಜೆ ಅದಕ್ಕೇ ಹೋಯಿತು.

ಸೋಮವಾರ ಮೊದಲ ಬಸ್ಸಿಗೆ ಧಾರವಾಡಕ್ಕೆ ಹೋದೆ.

"ಇದು ಗುಲಾಬಿ ಇಲ್ಲಲ್ಲವಾ" ಅಂದ ಕ್ಲಾರ್ಕು.

"ಬರದದ್ದು ಎಲ್ಲಾ ಅದ ಐತ್ರಿ."

"ಬಣ್ಣ ಇಲ್ಲ" ಅಂತ ಹೇಳಿ ವಾಪಸು ಕೊಟ್ಟ.

ಮೂರು ವರ್ಷ ಕನ್ನಡ ಓದಿದೆ. ಅದೇನೂ ಸಣ್ಣ ಸುಖವಲ್ಲ. ಆದರೆ ಗಣಿತದ ತರಗತಿ ಪಕ್ಕದ ಕೋಣೆಯಲ್ಲೇ ನಡೆಯುತ್ತಿತ್ತು. ಗೋಡೆಯಾಚೆ ಸೀಮೆಸುಣ್ಣ ಓಡುವ ಸದ್ದು ಕೇಳುತ್ತ, ಈಗ ಯಾವ ಸಾಲಿಗೆ ಬಂದಿರಬಹುದು ಅಂತ ಊಹಿಸುತ್ತ ಕೂರುತ್ತಿದ್ದೆ. ಅದಾಗಿ ಇಪ್ಪತ್ತೈದು ವರ್ಷವಾಯಿತು, ಈಗ ನಲವತ್ತು ದಾಟಿದ್ದೇನೆ. ಎಲ್ಲಾದರೂ ಕರಿಹಲಗೆಯ ಮೇಲೆ ಅರ್ಧ ಬಿಡಿಸಿದ ಲೆಕ್ಕ ಕಂಡರೆ ಕಾಲು ತಾನಾಗಿಯೇ ನಿಲ್ಲುತ್ತದೆ.

ಅಪ್ಪ ಬರೆದ ಹಾಳೆ ನನ್ನ ಹತ್ತಿರವೇ ಇದೆ.

ಆ ಸೋಮವಾರ ಸಂಜೆ ಅಪ್ಪ ದಾಂಡೇಲಿಯ ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದ.

"ಏನಂದ?"

"ಬ್ಯಾಡಂದ."

ಮಿಲ್ಲಿನ ಗೇಟಿನವರೆಗೆ ನಡೆದೆವು. ಅಲ್ಲಿ ಅಪ್ಪ ನಿಂತ.

"ಬೆಳಕಿಗೆ ಹಿಡದ ನೋಡಿದನೇನು?"

"ಇಲ್ಲ."

"ಹಂಗಾರ ಬಿಡು" ಅಂದ ಅಪ್ಪ. "ಅಂವಗ ಕೆಲಸ ಗೊತ್ತಿಲ್ಲ."