ಆರು ನೌಕರಿ, ಒಂದು ಹಂದಿ

ಇನ್ನು ಐದು ವರ್ಷಕ್ಕೆ ಹಂದಿಯ ಹೃದಯ ಮನುಷ್ಯನ ಎದೆಯಲ್ಲಿ ಬಡಿಯುತ್ತದೆ, ಅಂಥ ಮೊದಲ ಹಂದಿ ತಾರ್ನಾಕದ ನಮ್ಮ ಪ್ರಯೋಗಾಲಯದಲ್ಲೇ ಹುಟ್ಟುತ್ತದೆ ಎಂದು ಆಗ ಎಲ್ಲರೂ ನಂಬಿದ್ದರು. ಹೈದರಾಬಾದಿನಲ್ಲಿ ಆ ಕಾಲಕ್ಕೆ ಏನನ್ನಾದರೂ ನಂಬಬಹುದಿತ್ತು. ನಿನ್ನೆ ಬಂಡೆಗಳಿದ್ದ ಕಡೆ ಇವತ್ತು ಗಾಜಿನ ಕಟ್ಟಡ ಏಳುತ್ತಿತ್ತು.

ಪ್ರಾಣಿಯ ಅಂಗವನ್ನು ಮನುಷ್ಯನಿಗೆ ಜೋಡಿಸಿದರೆ ದೇಹ ಅದನ್ನು ಹೊರಗಿನದೆಂದು ಗುರುತಿಸಿ ಹಾಳುಮಾಡುತ್ತದೆ. ಆ ಗುರುತು ಹತ್ತದಿರಲೆಂದು ನಾವು ಮನುಷ್ಯನ ಒಂದು ಜೀನನ್ನು ಹಂದಿಯ ಭ್ರೂಣಗಳಿಗೆ ಸೇರಿಸಿ, ಆ ಭ್ರೂಣಗಳನ್ನು ಒಂದು ಬಿಳಿ ಹೆಣ್ಣು ಹಂದಿಯ ಗರ್ಭದಲ್ಲಿ ಇಟ್ಟಿದ್ದೆವು. ಅದು ಮತ್ತೆ ಬೆದೆಗೆ ಬರಲಿಲ್ಲ. ಬಸುರಿ ಎನ್ನುವುದಕ್ಕೆ ಅಷ್ಟು ಸಾಕೆಂದು ನಿರ್ದೇಶಕರು ಹೇಳಿದರು. ಮರಿ ಹುಟ್ಟಿದರೆ ಗುತ್ತಿಗೆ ಮೇಲಿದ್ದ ಆರು ಜನ ಸಂಶೋಧಕರ ನೌಕರಿ ಮುಂದುವರಿಯುತ್ತಿತ್ತು, ಇಲ್ಲವಾದರೆ ಇಲ್ಲ. ಆರರಲ್ಲಿ ನಾನೊಬ್ಬ. ಇಂಥ ಜಾಗದಲ್ಲಿ ತಮಾಷೆಯ ಪ್ರಸಂಗಗಳಿಗೆ ಬರವಿಲ್ಲ. ನಗುವ ಸ್ಥಿತಿಯಲ್ಲಿ ಮಾತ್ರ ಯಾರೂ ಇರುವುದಿಲ್ಲ.

ಮಾಲೀಕರ ಎದೆ

ನನ್ನ ಮನೆ ಮಾಲೀಕರು ಕಲಬುರಗಿ ಕಡೆಯ ಬಟ್ಟೆ ವ್ಯಾಪಾರಿ, ಲಿಂಗವಂತರು. ಹೃದಯದ ತೊಂದರೆ ಇತ್ತು. ಮಹಡಿಗೆ ಹತ್ತಿ ಬಂದು, ಏದುಸಿರು ಅಡಗುವವರೆಗೆ ಕೂತು, ಆಮೇಲೆ ಕೇಳಿದರು.

"ಸರ್, ಆ ಹಂದೀದು ನಮ್ಮಂಥವ್ರಿಗೆ ಹೊಂದ್ತದೇನ್ರಿ?"

"ಇನ್ನೂ ಮರಿಯೇ ಹುಟ್ಟಿಲ್ಲ."

"ಹುಟ್ಟಿದ ಮ್ಯಾಲೆ ಒಂದು ತೆಗೆದಿಡ್ರಿ. ಆದ್ರ ಒಂದು ಚಿಂತಿ ಐತಿ. ಎದಿ ಮ್ಯಾಲೆ ಲಿಂಗ, ಒಳಗ ಹಂದಿ. ಹೆಂಗ್ರಿ ಇದು?" ಸ್ವಲ್ಪ ಯೋಚಿಸಿ ತಾವೇ ದಾರಿ ಹುಡುಕಿದರು. "ಬರೇ ಕಾಯಿಪಲ್ಲೆ ತಿನ್ನಿಸಿ ಬೆಳೆಸಿದ್ದು ಸಿಕ್ರ ನೋಡ್ರಿ."

ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ, "ಈಗ ಒಳಗಿರೋದೇನು ಭಾಳ ಶುದ್ಧ ಐತೇನ್ರಿ?" ಎಂದು ಕೇಳಿ ಕೆಳಗಿಳಿದು ಹೋದರು.

ಪಾಳಿ

ನಮ್ಮ ಯೋಜನೆಗೆ ಹಣ ಹಾಕಿದವರು ಬೇಗಂಪೇಟೆಯಲ್ಲಿ ಕಚೇರಿ ಇದ್ದ ಒಬ್ಬ ಸಾಫ್ಟ್‌ವೇರ್ ಕಂಪನಿಯ ಮಾಲೀಕರು. ಅಮೆರಿಕಕ್ಕೆ ವಿಮಾನ ಹಿಡಿಯುವ ಮುಂಚೆ ಹಂದಿ ನೋಡಲು ಬಂದರು. ಮೂಗಿಗೆ ಕರವಸ್ತ್ರ ಹಿಡಿದುಕೊಂಡೇ, ಇನ್ನೆಷ್ಟು ದಿನ ಎಂದರು.

ಗರ್ಭ ಒಟ್ಟು ನಾಲ್ಕು ತಿಂಗಳ ಹತ್ತಿರ ಹಿಡಿಯುತ್ತದೆ, ಅರ್ಧ ಮುಗಿದಿದೆ ಎಂದರು ನಿರ್ದೇಶಕರು.

"ಕೋಡ್ ಬರೆದಾಗಿದೆ ಅಂದಿರಲ್ಲ? ಮತ್ತೆ ಯಾಕೆ ತಡ?"

"ಬರೆದಾಗಿದೆ. ಈಗ ಹಂದಿಯ ಕೆಲಸ."

"ಹಾಗಾದರೆ ರಾತ್ರಿ ಪಾಳಿಯೂ ಹಾಕಿ."

ನಿರ್ದೇಶಕರು ನಗುತ್ತಾರೆಂದು ನಾವು ಕಾದೆವು. ಅವರು, "ಪರಿಶೀಲಿಸುತ್ತೇವೆ" ಎಂದರು.

ಯಜಮಾನರ ಹೆಸರು

ಆ ಭೇಟಿಯಿಂದ ನಿರ್ದೇಶಕರಿಗೂ ನಡುಕ ಹುಟ್ಟಿತು. ಹಂದಿಯ ಹೊಟ್ಟೆ ಸ್ಕ್ಯಾನ್ ಮಾಡಿಸಿಬಿಡೋಣ ಎಂದರು. ನಮ್ಮಲ್ಲಿ ಯಂತ್ರ ಇರಲಿಲ್ಲ. ದಿಲ್‌ಸುಖ್‌ನಗರದ ಒಂದು ಸ್ಕ್ಯಾನಿಂಗ್ ಸೆಂಟರಿಗೆ ನನ್ನನ್ನು ಕಳಿಸಿದರು. ಗೋಡೆಯ ಮೇಲೆ, ಹುಟ್ಟಲಿರುವ ಮಗು ಗಂಡೋ ಹೆಣ್ಣೋ ಹೇಳುವುದು ಅಪರಾಧ ಎಂಬ ದೊಡ್ಡ ಫಲಕ. ಬರೆದುಕೊಳ್ಳಲು ಕೂತಿದ್ದಾಕೆ ತಲೆ ಎತ್ತದೆ ಕೇಳಿದಳು.

"ಪೇಷಂಟ್ ಯಾರು?"

"ಹಂದಿ."

"ಯಜಮಾನರ ಹೆಸರು?"

ಹಂದಿಗೆ ಯಜಮಾನರಿಲ್ಲ, ಭ್ರೂಣವನ್ನು ನಾವೇ ಇಟ್ಟದ್ದು ಎಂದೆ. ಆಕೆ ಪೆನ್ನು ಕೆಳಗಿಟ್ಟು ಡಾಕ್ಟರನ್ನು ಕರೆದಳು. ಅವರು ಎಲ್ಲವನ್ನೂ ಕೇಳಿಸಿಕೊಂಡು, ಆ ಫಲಕದ ಕಾನೂನಿನಂತೆ ಈ ಯಂತ್ರವನ್ನು ಬಾಗಿಲಾಚೆ ಒಯ್ದರೆ ತಮಗೆ ಜೈಲು, ಹಂದಿಯನ್ನು ಬಾಗಿಲೊಳಗೆ ತಂದರೆ ದವಾಖಾನೆ ಬಂದ್ ಎಂದರು.

ಇದನ್ನು ಹೇಳಿದಾಗ ನಿರ್ದೇಶಕರ ಮುಖ ಹಗುರವಾಯಿತು. "ಬೇಡ ಬಿಡಿ. ಆ ಅಲೆಗಳಿಂದ ಭ್ರೂಣಕ್ಕೆ ಏನಾದರೂ ಆದೀತು. ಇನ್ನು ಮೇಲೆ ಯಾರೂ ಹಂದಿಯ ಹೊಟ್ಟೆ ಮುಟ್ಟಬಾರದು." ನಮಗೂ ಹಗುರವಾಯಿತು. ಆರು ಜನ ಪದವೀಧರರು, ಒಬ್ಬರೂ ಯಾಕೆ ಎಂದು ಕೇಳಲಿಲ್ಲ.

ಹೊಟ್ಟೆಯೊಳಗಿನ ಪಾಠ

ಸಹೋದ್ಯೋಗಿಯೊಬ್ಬ ಸಾಫ್ಟ್‌ವೇರ್ ನೌಕರಿಗೆಂದು ಸಂಜೆ ಜಾವಾ ಕ್ಲಾಸಿಗೆ ಸೇರಿಕೊಂಡ. ನಾವು ಐವರು ಅವನನ್ನು ಹೇಡಿ ಎಂದೆವು, ಅವನ ಪುಸ್ತಕ ಜೆರಾಕ್ಸ್ ಮಾಡಿಸಿಕೊಂಡೆವು. ಹಂದಿಯನ್ನು ಕಾಯುವ ಸರದಿ ಬಂದಾಗ ಅವನು ಗೂಡಿನ ಕಟ್ಟೆಯ ಮೇಲೆ ಕೂತು ಜೋರಾಗಿ ಬಾಯಿಪಾಠ ಮಾಡುತ್ತಿದ್ದ. ಗೂಡು ತೊಳೆಯುವ ಯಾದಗಿರಿಯ ಹೆಂಗಸು ಪೊರಕೆ ನಿಲ್ಲಿಸಿ ಕೇಳುತ್ತಿದ್ದಳು.

"ಯಾರಿಗ್ರಿ ಈ ಪಾಠ? ಹೊಟ್ಟ್ಯಾಗಿನ ಕೂಸಿಗೇನ್ರಿ?"

"ನನಗೇ ಅಮ್ಮ."

"ಜೋರಾಗೇ ಓದ್ರಿ. ನಿಮಗ ಸಿಗದಿದ್ರೂ ಹುಟ್ಟೋದಕ್ಕರ ನೌಕ್ರಿ ಸಿಗ್ಲಿ."

ಕುಬಸ

ಬಸುರಿಗೆ ಬಯಕೆ ತೀರಿಸದಿದ್ದರೆ ಕೂಸು ನಿಲ್ಲುವುದಿಲ್ಲ ಎಂದವಳೂ ಅವಳೇ. ಒಂದು ದಿನ ಹಂದಿಯ ಗೂಡಿಗೆ ಹಸಿರು ಬಳೆ ಕಟ್ಟಿ, ಹೋಳಿಗೆ ತಂದು, ಸೀಮಂತದ ಹಾಗೆ ಕುಬಸ ಮಾಡಿದಳು. ನಾವು ನಕ್ಕೆವು. ಮರುದಿನ ನಾನು ಉಸ್ಮಾನಿಯಾ ಬಿಸ್ಕತ್ತು ಒಯ್ದೆ. ಅಲ್ಲಿ ಜಾವಾದವನು ಮೊದಲೇ ಮಿರ್ಚಿ ಭಜ್ಜಿ ಹಿಡಿದು ನಿಂತಿದ್ದ. ನಿರ್ದೇಶಕರು ಮದುವೆ ಮನೆಯಿಂದ ಡಬಲ್ ಕಾ ಮೀಠಾ ಎಂಬ ಬ್ರೆಡ್ಡಿನ ಸಿಹಿ ಕಟ್ಟಿಸಿಕೊಂಡು ಬಂದರು. ಇದು ಮೂಢನಂಬಿಕೆಯಲ್ಲ, ಪ್ರಾಣಿಯ ಒತ್ತಡ ಕಡಿಮೆ ಮಾಡುವ ಕ್ರಮ ಎಂದು ನಮಗೆ ತಿಳಿಸಿ, ಆಚೀಚೆ ನೋಡಿ ತಾವೇ ತಿನ್ನಿಸಿದರು. ಹೊಟ್ಟೆ ನೆಲಕ್ಕೆ ತಾಗುವಷ್ಟಾಯಿತು. ಅದನ್ನು ನೋಡಿದಷ್ಟೂ ನಮಗೆ ಧೈರ್ಯ ಬರುತ್ತಿತ್ತು.

ದಿನ ತುಂಬಿತು. ಮರಿ ಬರಲಿಲ್ಲ. ಒಂದು ವಾರ ಕಳೆಯಿತು, ಬರಲಿಲ್ಲ. ಬೇಗಂಪೇಟೆಯಿಂದ ಫೋನ್ ಬಂದರೆ ನಿರ್ದೇಶಕರು ಎದ್ದು ಹೊರಗೆ ಹೋಗುತ್ತಿದ್ದರು. ಕೊನೆಗೆ ನಮ್ಮನ್ನು ಕೂಡಿಸಿ ಮೆಲ್ಲಗೆ ಒಂದು ವಿಚಾರ ಮುಂದಿಟ್ಟರು. ಜೀನ್ ಮನುಷ್ಯನದು. ಹಾಗಾಗಿ ಗರ್ಭ ಒಂಬತ್ತು ತಿಂಗಳು ಹಿಡಿದರೂ ಹಿಡಿಯಬಹುದು.

ಆ ಕೋಣೆಯಲ್ಲಿ ಇದು ಅಸಾಧ್ಯವೆಂದು ಗೊತ್ತಿಲ್ಲದವರು ಯಾರೂ ಇರಲಿಲ್ಲ. ಒಂಬತ್ತು ತಿಂಗಳೆಂದರೆ ಇನ್ನೂ ಐದು ತಿಂಗಳ ನೌಕರಿ. ಆರು ಜನರೂ ಒಪ್ಪಿದೆವು.

ಒಪ್ಪದವರು ಹಣ ಹಾಕಿದವರು. ಅವರೇ ಒಬ್ಬ ಪಶುವೈದ್ಯರನ್ನು, ಅವರ ಸ್ವಂತ ಯಂತ್ರದ ಸಮೇತ, ಕಾರಿನಲ್ಲಿ ಕಳಿಸಿದರು. ಗೂಡಿನ ಸುತ್ತ ಎಲ್ಲರೂ ನಿಂತೆವು. ಯಾದಗಿರಿಯವಳು ಸೆರಗಿನಲ್ಲಿ ಕೈ ಸುತ್ತಿಕೊಂಡಿದ್ದಳು. ವೈದ್ಯರು ಹಂದಿಯ ಹೊಟ್ಟೆಯ ಮೇಲೆ ಯಂತ್ರದ ಹಿಡಿ ಆಡಿಸಿ ಪರದೆ ನೋಡಿದರು. ಇನ್ನೊಂದು ಮಗ್ಗುಲಿಗೆ ಹೋಗಿ ನೋಡಿದರು.

"ಎಷ್ಟು ಮರಿ?" ಎಂದರು ನಿರ್ದೇಶಕರು.

ವೈದ್ಯರು ಕೈ ಒರೆಸಿಕೊಂಡು, ದಿನಾ ಏನು ತಿನ್ನಿಸುತ್ತೀರಿ ಎಂದು ಕೇಳಿದರು. ಬಿಸ್ಕತ್ತು, ಭಜ್ಜಿ, ಮೀಠಾ ಎಂದು ಒಬ್ಬೊಬ್ಬರಾಗಿ ಹೇಳಿದೆವು.

ಹಂದಿ ಬಸುರಿಯೇ ಆಗಿರಲಿಲ್ಲ.